ಪದ ಪುಸ್ತಕದಲ್ಲಿದೆ, ನಡೆ ಎಲ್ಲಿದೆ?

ಅಂಟಿಗೆ-ಪಂಟಿಗೆ ಪದವನ್ನು ಮೊದಲ ಸಲ ಕೇಳಿದ ಹೊರಗಿನವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಎಷ್ಟು ನಿಧಾನ ಮಾರಾಯ್ರೇ!" ಇವರು ಒಂದು ಸೊಲ್ಲು ಮುಗಿಸುವಷ್ಟರಲ್ಲಿ ಸಿನಿಮಾ ಹಾಡಿನ ಪಲ್ಲವಿಯೇ ಮುಗಿದಿರುತ್ತದೆ. ಡೊಳ್ಳಿನ ಅಬ್ಬರವಿಲ್ಲ, ಕೋಲಾಟದ ಕುಣಿತವಿಲ್ಲ. ಎಳೆದು ಎಳೆದು ಹಾಡುವ ಗಂಡಸರ ದನಿ, ನಡುವೆ ಒಂದು ದೀಪ. ಅಷ್ಟೇ.

ಆದರೆ ಕೋಣಂದೂರು, ಹುಂಚ, ರಿಪ್ಪನ್‌ಪೇಟೆ, ಹೊಸನಗರ, ಸಾಗರದ ಕಡೆಯವರಿಗೆ ಆ ನಿಧಾನ ಬೇಸರ ತರುವುದಿಲ್ಲ. ದೊಡ್ಡಹಬ್ಬದ ರಾತ್ರಿ ಗದ್ದೆಯಾಚೆಯಿಂದ ಆ ದನಿ ಕೇಳಿದರೆ ಮಲಗಿದ್ದವರಿಗೂ ಎಚ್ಚರವಾಗುತ್ತದೆ. ಅದೇ ಪದವನ್ನು ಬೇಗ ಬೇಗ ಹಾಡಿ ತೋರಿಸಿದರೆ ನಮ್ಮ ಹಿರಿಯರು ಒಪ್ಪುವುದಿಲ್ಲ. "ಮಾತು ಸರಿ, ಮಟ್ಟು ಸರಿಯಿಲ್ಲ" ಅನ್ನುತ್ತಾರೆ.

ಮಟ್ಟು ಅಂದರೆ ಏನು? ಒಂದು ಹಳ್ಳಿ ಪದದಲ್ಲಿ ಮಾತಿನ ಜೊತೆ ಇನ್ನೂ ಮೂರು ಸಂಗತಿ ಇರುತ್ತವೆ. ಒಂದು, ಅದು ಎಷ್ಟು ವೇಗವಾಗಿ ಸಾಗುತ್ತದೆ ಎನ್ನುವ ನಡೆ. ಎರಡು, ದನಿ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎನ್ನುವ ಶ್ರುತಿ. ಮೂರು, ಕೇಳಿದವರ ಮನಸ್ಸಿನಲ್ಲಿ ಅದು ಎಬ್ಬಿಸುವ ಭಾವ. ಈ ಮೂರನ್ನೂ ಯಾರು ಗೊತ್ತು ಮಾಡಿದರು? ಯಾವ ಸಂಗೀತ ಮೇಷ್ಟರೂ ಅಲ್ಲ. ಮಾಡುವ ಕೆಲಸ, ನಡೆಯುವ ದಾರಿ, ಹಾಡುವ ಹೊತ್ತು, ಇವು ಗೊತ್ತು ಮಾಡಿದವು ಎನ್ನುವುದು ನಮ್ಮ ಮಾತು. ಹಾಗಾಗಿಯೇ ಕೆಲಸ ಹೋದಾಗ, ದಾರಿ ಮುಚ್ಚಿದಾಗ, ಮಾತು ಉಳಿದರೂ ಪದ ಉಳಿಯುವುದಿಲ್ಲ.

ದೀಪ ಹಾಕಿಕೊಟ್ಟ ನಡೆ

ಅಂಟಿಗೆ-ಪಂಟಿಗೆಯನ್ನು ನಮ್ಮಲ್ಲಿ ದೀಪ ಕೊಡುವುದು, ಹಬ್ಬ ಹಾಡುವುದು ಅಂತಲೂ ಕರೆಯುತ್ತಾರೆ. ದೀಪಾವಳಿಯ ರಾತ್ರಿಗಳಲ್ಲಿ ಊರಿನ ಗಂಡಸರ ತಂಡ ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು ಮನೆ ಮನೆಗೆ ಹೊರಡುತ್ತದೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ತಮ್ಮ ಮನೆಯ ದೀಪವನ್ನು ಅದರಿಂದ ಹಚ್ಚಿಕೊಳ್ಳುತ್ತಾರೆ, ಅಕ್ಕಿ, ಕಾಣಿಕೆ, ಹಬ್ಬದ ತಿಂಡಿ ಕೊಡುತ್ತಾರೆ. ಬೆಳಗಿನವರೆಗೂ ತಿರುಗಾಟ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ: ಹಚ್ಚಿದ ದೀಪ ನಡುದಾರಿಯಲ್ಲಿ ಆರಬಾರದು.

ಈಗ ಆ ದಾರಿಯನ್ನು ನೆನಪು ಮಾಡಿಕೊಳ್ಳಿ. ಮಲೆನಾಡಿನ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ ಅಂಚು, ಅಡಿಕೆ ತೋಟ, ಹಳ್ಳಕ್ಕೆ ಹಾಕಿದ ಸಂಕ, ತಡಬೆ, ಉಣುಗೋಲು, ಆಮೇಲೆ ಒಂದಿಷ್ಟು ಕಾಡು. ಕಾರ್ತಿಕದ ಇಬ್ಬನಿಗೆ ಅಂಚು ಜಾರುತ್ತದೆ. ದೀಪ ಹಿಡಿದವನು ಒಂದು ಕೈಯಲ್ಲಿ ಗಾಳಿಗೆ ಮರೆ ಮಾಡಿಕೊಂಡೇ ಹೆಜ್ಜೆ ಇಡಬೇಕು. ಅವನು ಓಡುವ ಹಾಗಿಲ್ಲ. ಅವನು ಓಡದಿದ್ದರೆ ತಂಡವೂ ಓಡುವ ಹಾಗಿಲ್ಲ. ತಂಡ ಓಡದಿದ್ದರೆ ಪದವೂ ಓಡುವುದಿಲ್ಲ.

ಇನ್ನೊಂದು ಸಂಗತಿ ಉಸಿರಿನದು. ಮುಮ್ಮೇಳದವರು ಒಂದು ಸೊಲ್ಲು ಹೇಳುತ್ತಾರೆ, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಸಂಗೀತದ ಅಂದಕ್ಕಾಗಿ ಮಾತ್ರ ಹೀಗೆ ಮಾಡುವುದಲ್ಲ. ಇವರು ಹಾಡುವಾಗ ಅವರಿಗೆ ಉಸಿರು ಸಿಗುತ್ತದೆ, ಅವರು ಹಾಡುವಾಗ ಇವರಿಗೆ ಮುಂದಿನ ಸೊಲ್ಲು ನೆನಪಿಗೆ ಬರುತ್ತದೆ. ರಾತ್ರಿಯಿಡೀ ನಡೆದು ಹಾಡಬೇಕಾದವರು ಕಂಡುಕೊಂಡ ಉಪಾಯ ಇದು. ಸೊಲ್ಲಿನ ಕೊನೆಯ ಅಕ್ಷರವನ್ನು ಎಳೆಯುವುದಕ್ಕೂ ಕೆಲಸವಿದೆ. ಮುಂದಿನವರು ಎತ್ತಿಕೊಳ್ಳುವವರೆಗೆ ದನಿ ಕಡಿಯಬಾರದು.

ಬಾಗಿಲು ತೆಗೆಸುವ ಪದದ ಉದ್ದವಂತೂ ಹಾಡುವವರ ಕೈಯಲ್ಲೇ ಇಲ್ಲ. ಮನೆಯವರು ಎದ್ದು, ದೀಪ ಹುಡುಕಿ, ಅಗುಳಿ ತೆಗೆಯುವವರೆಗೆ ಪದ ಸಾಗಬೇಕು. ಗಾಢ ನಿದ್ದೆಯ ಮನೆಯೆದುರು ಉದ್ದದ ಪದ, ಕಾದು ಕುಳಿತ ಮನೆಯೆದುರು ಗಿಡ್ಡ ಪದ. ಹೀಗೆ ಹಿಗ್ಗುವ, ಕುಗ್ಗುವ ಪದಕ್ಕೆ ಬಿಗಿಯಾದ ತಾಳ ಹೊಂದುವುದಿಲ್ಲ.

ಕಪ್ಪು ಎರಡೂ ಇಲ್ಲ, ಬಿಳಿ ನಾಲ್ಕೂ ಇಲ್ಲ

ನಮ್ಮ ಕಡೆಯ ಯಕ್ಷಗಾನದಲ್ಲಿ ಶ್ರುತಿಗೆ ಲೆಕ್ಕವಿದೆ. ಈ ಭಾಗವತರು ಕಪ್ಪು ಎರಡು, ಆ ಭಾಗವತರು ಬಿಳಿ ನಾಲ್ಕು ಎಂದು ಹಾರ್ಮೋನಿಯಂನ ಮನೆಗಳಲ್ಲಿ ಹೇಳುತ್ತೇವೆ. ಮದ್ದಳೆಯನ್ನೂ ಚಂಡೆಯನ್ನೂ ಆ ಶ್ರುತಿಗೆ ಕೂಡಿಸಿಕೊಳ್ಳುತ್ತಾರೆ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ತಾಳಗಳಿಗೂ ಹೆಸರಿವೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಆ ಕಲೆಗೆ ಬರೆದಿಟ್ಟವರಿದ್ದರು, ಕಲಿಸುವ ಕೇಂದ್ರಗಳಿದ್ದವು.

ಅಂಟಿಗೆ-ಪಂಟಿಗೆಗೆ, ನಾಟಿ ಪದಕ್ಕೆ, ಬೀಸುವ ಪದಕ್ಕೆ ಇಂಥ ಶ್ರುತಿಪೆಟ್ಟಿಗೆ ಇಲ್ಲ. ಮೊದಲು ಸೊಲ್ಲು ಎತ್ತಿದವರ ದನಿಯೇ ಶ್ರುತಿ. ಊರಿನ ದೊಡ್ಡ ದನಿಯ ಹಿರಿಯರು ಎತ್ತಿದರೆ ಎಲ್ಲರೂ ಅಲ್ಲಿಗೆ ಏರಬೇಕು. ಮೊದಲ ರಾತ್ರಿ ಏರಿದ ದನಿ ಮೂರನೆಯ ರಾತ್ರಿ ಗಂಟಲು ಕಟ್ಟಿ ಇಳಿದರೆ ಪದವೂ ಅದರ ಜೊತೆ ಇಳಿಯುತ್ತದೆ. ಯಾರೂ ಅದನ್ನು ತಪ್ಪು ಅನ್ನುವುದಿಲ್ಲ.

ಆದರೂ ಅಲ್ಲಿ ಒಂದು ಕಟ್ಟು ಇದ್ದೇ ಇದೆ. ಬಯಲಿನಲ್ಲಿ ಹಾಡುವ ಪದದ ದನಿ ಏರಿರಬೇಕು, ಇಲ್ಲದಿದ್ದರೆ ಗದ್ದೆಯಾಚೆಯ ಮನೆಗೆ ಮುಟ್ಟುವುದಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಪದಕ್ಕೆ ಆ ಏರು ಬೇಕಿಲ್ಲ. ಕಲ್ಲಿನ ಗುರ್ ಸದ್ದೇ ಅದಕ್ಕೆ ತಂಬೂರಿ. ತೊಟ್ಟಿಲ ಪದಕ್ಕೆ ಇನ್ನೂ ತಗ್ಗು ಸಾಕು, ಮಗು ಪಕ್ಕದಲ್ಲೇ ಇದೆ. ಕೇಳುವವರು ಎಷ್ಟು ದೂರದಲ್ಲಿದ್ದಾರೆ ಎನ್ನುವುದರ ಮೇಲೆ ದನಿಯ ಎತ್ತರ ನಿಲ್ಲುತ್ತದೆ.

ಹಳ್ಳಿ ದನಿಯ ಸ್ವರಗಳು ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುವುದೂ ಉಂಟು. ಸ್ವರದಿಂದ ಸ್ವರಕ್ಕೆ ಜಾರುವುದೂ ಉಂಟು. ಆ ಪೆಟ್ಟಿಗೆಯಲ್ಲಿ ಹೀಗೆ ಜಾರಲು ಜಾಗವಿಲ್ಲ. ಇಂಥದ್ದೇ ಕಾರಣ ಕೊಟ್ಟು ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ತನ್ನ ಸಂಗೀತದಿಂದ ದೂರ ಇಟ್ಟಿತ್ತು. ಇವತ್ತು ವೇದಿಕೆಯ ಜನಪದ ಗಾಯನಕ್ಕೆ ಕೀಬೋರ್ಡ್ ಇಲ್ಲದೆ ಆಗುವುದೇ ಇಲ್ಲ. ಜಾರುವ ದನಿಗಳೆಲ್ಲ ಅದರ ಮನೆಗಳಿಗೆ ಹೊಂದಿಕೊಂಡು ನೇರವಾಗಿಬಿಟ್ಟಿವೆ.

ಹಬ್ಬದ ಪದದಲ್ಲಿ ಬೇಸರ ಯಾಕೆ?

ಇನ್ನು ಭಾವದ ಮಾತು. ದೀಪಾವಳಿ ಎಂದರೆ ಸಂಭ್ರಮ. ಆದರೆ ದೀಪದವರ ಪದದಲ್ಲಿ ಕುಣಿಸುವ ಸಂಭ್ರಮ ಇಲ್ಲ. ಒಂದು ಬಗೆಯ ಗಂಭೀರ, ಸ್ವಲ್ಪ ಬೇಸರ ಬೆರೆತ ದನಿ. ಅದಕ್ಕೆ ಕಾರಣ ಕಥೆಯಲ್ಲಿದೆ.

ನಮ್ಮ ದೊಡ್ಡಹಬ್ಬ ಬಲೀಂದ್ರನ ಹಬ್ಬ. ವಾಮನ ಮೂರು ಹೆಜ್ಜೆ ನೆಲ ಕೇಳಿ, ದಾನ ಕೊಟ್ಟ ಬಲಿಯನ್ನೇ ಪಾತಾಳಕ್ಕೆ ತುಳಿದ. ಆ ಬಲಿ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ, ಬಂದು ತಿರುಗಿ ಹೋಗುತ್ತಾನೆ. ಹೊಸ ನೀರು ತುಂಬುವುದು, ಚೆಂಡು ಹೂವಿನ ಸಾಲು, ದನಗಳ ಪೂಜೆ, ಎಲ್ಲ ಆ ನೆಂಟನ ಉಪಚಾರಕ್ಕೆ. ಇದು ನಮ್ಮ ಕಡೆಯ ನಂಬಿಕೆ ಮಾತ್ರ ಅಲ್ಲ. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಎಂಬ ವಿದ್ವಾಂಸ ಕೂಡ ದೀಪಾವಳಿಯನ್ನು ಹೇಳುವಾಗ, ಆ ದಿನ ಲಕ್ಷ್ಮಿ ಬಲಿಯನ್ನು ಬಂಧನದಿಂದ ಬಿಡಿಸಿ ಲೋಕಕ್ಕೆ ಕಳಿಸುತ್ತಾಳೆ, ಅದಕ್ಕೇ ಹಬ್ಬಕ್ಕೆ ಬಲಿರಾಜ್ಯ ಎಂಬ ಹೆಸರು ಎಂದು ದಾಖಲಿಸಿದ್ದಾನೆ. ಸಾವಿರ ವರ್ಷದ ಹಿಂದಿನ ಮಾತು.

ಹೋಗಲೇಬೇಕಾದ ನೆಂಟ ಬಂದಾಗ ಮನೆಯಲ್ಲಿ ಯಾವ ಭಾವ ಇರುತ್ತದೆ? ಖುಷಿಯೂ ಇರುತ್ತದೆ, ಹೊರಡುವ ದಿನದ ನೆನಪೂ ಇರುತ್ತದೆ. ತವರಿಗೆ ಬಂದ ಮಗಳ ವಿಷಯದಲ್ಲಿ ಇದು ಎಲ್ಲರಿಗೂ ಗೊತ್ತು. ದೀಪದವರ ಪದದ ನಿಧಾನ ಈ ಎರಡನ್ನೂ ಹಿಡಿದುಕೊಂಡಿದೆ. ಅದೇ ಮಾತಿಗೆ ವೇಗದ ತಾಳ ಹಾಕಿದರೆ ಖುಷಿ ಮಾತ್ರ ಉಳಿಯುತ್ತದೆ. ಅರ್ಧ ಭಾವ ಉದುರಿಹೋಗುತ್ತದೆ.

ಒಂಬೈನೂರು ವರ್ಷದ ಹಿಂದಿನ ಪಟ್ಟಿ

ಪದಕ್ಕೂ ಸಂದರ್ಭಕ್ಕೂ ಗಂಟು ಇದೆ ಎನ್ನುವುದು ನಾವು ಇವತ್ತು ಕಂಡುಹಿಡಿದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆಯಿಂದ ಆನೆ ಪಳಗಿಸುವವರೆಗೆ ಎಲ್ಲವೂ ಅದರಲ್ಲಿದೆ. ಹಾಡಿನ ಭಾಗದಲ್ಲಿ ಅವನು ಒಂದು ಪಟ್ಟಿ ಕೊಡುತ್ತಾನೆ: ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಳ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ.

ಆ ಕಾಲದಲ್ಲಿ ನಮ್ಮ ನೆಲವೂ ಅದೇ ಚಾಲುಕ್ಯರ ಕೆಳಗಿತ್ತು. ಕೋಣಂದೂರಿಗೆ ಹತ್ತಿರದ ಹುಂಚದಿಂದ ಆಳುತ್ತಿದ್ದ ಸಾಂತರರು ಅವರ ಸಾಮಂತರು. ಚಟ್ಟಲದೇವಿ ಹುಂಚದಲ್ಲಿ ಪಂಚಕೂಟ ಬಸದಿ ಕಟ್ಟಿಸಿದ್ದು 1077ರಲ್ಲಿ. ಕಲ್ಲು ಕಟ್ಟಿದವರ ಒಡೆಯರ ಹೆಸರು ಶಾಸನದಲ್ಲಿದೆ. ಆ ಕಲ್ಲು ಹೊತ್ತವರು ಯಾವ ಪದ ಹೇಳುತ್ತಿದ್ದರೋ ಅದಕ್ಕೆ ಶಾಸನವಿಲ್ಲ. ಆದರೆ ದೊರೆಯೊಬ್ಬ ಕುಟ್ಟುವ ಹೆಂಗಸರ ಹಾಡನ್ನೂ ಪಟ್ಟಿಯಲ್ಲಿ ಸೇರಿಸಿದ ಎಂದರೆ, ಕೆಲಸಕ್ಕೊಂದು ಮಟ್ಟು ಎನ್ನುವುದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ.

ನಮ್ಮ ಹಳ್ಳಿ ಪದಗಳ ದೊಡ್ಡ ಪಾಲು ತ್ರಿಪದಿ. ಇದು ಇನ್ನೂ ಹಳೆಯದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿಗಳಿವೆ. ಪುಸ್ತಕದಲ್ಲಿ ತ್ರಿಪದಿ ಮೂರು ಸಾಲು. ಹಾಡುವಾಗ ಅದು ಮೂರೇ ಸಾಲಾಗಿ ಉಳಿಯುವುದಿಲ್ಲ. ಎರಡನೆಯ ಸಾಲನ್ನು ಪೂರ್ತಿಯೋ ಅರ್ಧವೋ ತಿರುಗಿ ಹೇಳಿಯೇ ಮೂರನೆಯದಕ್ಕೆ ಹೋಗುತ್ತಾರೆ. ಮೂರು ಸಾಲು ನಾಲ್ಕಾಗುತ್ತದೆ. ಆ ತಿರುಗಿ ಹೇಳುವ ಹೊತ್ತಿನಲ್ಲಿ ಕೇಳುವವರು ಮುಂದೇನು ಎಂದು ಕಾಯುತ್ತಾರೆ. ಮೂರನೆಯ ಸಾಲಿಗೆ ತೂಕ ಬರುವುದು ಆ ಕಾಯುವಿಕೆಯಿಂದ. ಪುಸ್ತಕ ಓದುವವನಿಗೆ ಅದು ಸಿಗುವುದಿಲ್ಲ.

ಗಿರಣಿ ಬಂತು, ನೀರು ಬಂತು

ಕೆಲಸದಿಂದ ಹುಟ್ಟಿದ ನಡೆ ಕೆಲಸದ ಜೊತೆಗೇ ಹೋಗುತ್ತದೆ. ಅಕ್ಕಿ ಗಿರಣಿ ಬಂದ ಮೇಲೆ ಒನಕೆ ಮೂಲೆ ಸೇರಿತು. ಇಬ್ಬರು ಎದುರುಬದುರು ನಿಂತು ಒಂದೇ ಒರಳಿಗೆ ಒನಕೆ ಹಾಕುವಾಗ ಪದ ತಪ್ಪಿದರೆ ಒನಕೆಗೆ ಒನಕೆ ತಾಗುತ್ತಿತ್ತು. ಅಲ್ಲಿ ತಾಳ ಅಲಂಕಾರಕ್ಕಾಗಿ ಇರಲಿಲ್ಲ, ಕೈಯನ್ನು ಕಾಪಾಡಲು ಇತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಕ್ಕೂ ಅದೇ ಗತಿ. ನಾಟಿ ಯಂತ್ರ ಇಳಿದ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಹಾಡುವವರಿಲ್ಲ. ಇದರಲ್ಲಿ ಬರೀ ನಷ್ಟವೇ ಇದೆ ಎಂದು ನಾವು ಹೇಳುವುದಿಲ್ಲ. ನಸುಕಿನಲ್ಲಿ ಎದ್ದು ಬೀಸುತ್ತಿದ್ದ ಅಜ್ಜಿಯಂದಿರ ತೋಳು ನೋವು ನೆನೆದರೆ ಗಿರಣಿ ಬಂದದ್ದು ಒಳ್ಳೆಯದೇ. ಆದರೆ ಆ ತೋಳಿನ ಲೆಕ್ಕದಲ್ಲಿ ಇದ್ದ ಹಾಡು ಗಿರಣಿಗೆ ಬರಲಿಲ್ಲ.

ದಾರಿಯೇ ಹೋದ ಕಥೆ ಇನ್ನೂ ದೊಡ್ಡದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲು ಹಿರೇಭಾಸ್ಕರ ಅಣೆಕಟ್ಟೆಯ ನೀರು ನಿಂತಿತ್ತು. ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳು ಶರಾವತಿಯಲ್ಲಿ ಮುಳುಗಿದವು. ಗದ್ದೆ ಹೋಯಿತು, ಮನೆ ಹೋಯಿತು ಎನ್ನುವುದನ್ನು ಮುಳುಗಡೆಯವರು ಅಂದಿನಿಂದ ಹೇಳುತ್ತಲೇ ಬಂದಿದ್ದಾರೆ. ಹಕ್ಕುಪತ್ರದ ಮಾತು ಇವತ್ತಿಗೂ ಮುಗಿದಿಲ್ಲ. ಅದರ ಜೊತೆ ಹೋದ ಇನ್ನೊಂದನ್ನು ಯಾವ ಅಧಿಕಾರಿಯೂ ಬರೆದುಕೊಳ್ಳಲಿಲ್ಲ. ದೀಪ ಹಚ್ಚುತ್ತಿದ್ದ ದೇವಸ್ಥಾನ, ಅಲ್ಲಿಂದ ಮೊದಲ ಮನೆಗೆ, ಮೊದಲ ಮನೆಯಿಂದ ಎರಡನೆಯದಕ್ಕೆ ಇದ್ದ ಕಾಲುದಾರಿ, ಎಲ್ಲವೂ ನೀರಿನ ಕೆಳಗೆ ಸೇರಿದವು. ಒಂದೇ ಊರಿನವರು ಶಿವಮೊಗ್ಗದ ಸುತ್ತಿನ ಕಾಡುಗಳಿಗೆ, ಬೇರೆ ಬೇರೆ ಕಡೆಗೆ ಚದುರಿದರು. ಮುಮ್ಮೇಳದವರು ಒಂದು ಕಡೆ, ಹಿಮ್ಮೇಳದವರು ಇನ್ನೊಂದು ಕಡೆ ಆದರೆ ಸೊಲ್ಲು ಎತ್ತಿಕೊಳ್ಳುವವರು ಯಾರು?

ಅಚ್ಚಾದದ್ದು ಮಾತು

ಕನ್ನಡದಲ್ಲಿ ಹಳ್ಳಿ ಪದ ಸಂಗ್ರಹಿಸಿದವರ ಋಣ ದೊಡ್ಡದು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಬಂತು. 1933ರಲ್ಲಿ ಅರ್ಚಕ ಬಿ. ರಂಗಸ್ವಾಮಿ ತಮ್ಮ ಊರಿನ ಪದಗಳನ್ನು ಪುಸ್ತಕ ಮಾಡಿದರು. ಆಮೇಲೆ ಜಿಲ್ಲೆ ಜಿಲ್ಲೆಯಲ್ಲೂ ಸಂಗ್ರಹಗಳು ಬಂದವು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಇವರಿಲ್ಲದಿದ್ದರೆ ಮಾತೂ ಉಳಿಯುತ್ತಿರಲಿಲ್ಲ. ಆದರೆ ಕಾಗದ ಮತ್ತು ಪೆನ್ನು ಹಿಡಿದು ಕೂತವರಿಗೆ ಮಾತನ್ನು ಹಿಡಿಯುವುದೇ ಸಾಹಸ. ಹೇಳುವವರು ಬರೆಯುವವರಿಗಾಗಿ ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ನಿಲ್ಲಿಸಿದ ಕೂಡಲೇ ನಡೆ ತಪ್ಪಿತು.

ಅದೇ ಕಾಲದಲ್ಲಿ ದೂರದ ಹಂಗೇರಿ ದೇಶದಲ್ಲಿ ಬೇರೆ ದಾರಿ ಹಿಡಿದವರು ಇದ್ದರು. 1906ರಿಂದ ಬೇಲಾ ಬಾರ್ಟೋಕ್ ಎಂಬ ಸಂಗೀತಗಾರ ಮೇಣದ ಉರುಳೆಯ ಮೇಲೆ ದನಿ ಹಿಡಿಯುವ ಯಂತ್ರ ಹೊತ್ತು ಹಳ್ಳಿ ಹಳ್ಳಿ ತಿರುಗಿದ. ಹಾಡಿನ ಜೊತೆ ಊರು, ತಾರೀಕು, ಹಾಡಿದವರ ವಯಸ್ಸು ಬರೆದ. ಹಳ್ಳಿ ಹಾಡುಗಳಲ್ಲಿ ಎರಡು ನಡೆ ಇವೆ ಎಂದು ಕಂಡ: ಮಾತಾಡುವ ಹಾಗೆ ಎಳೆದು, ಹಿಗ್ಗಿಸಿ, ಕುಗ್ಗಿಸಿ ಹಾಡುವುದು ಒಂದು, ಕುಣಿತದ ಹೆಜ್ಜೆಗೆ ಬಿಗಿಯಾಗಿ ಹಾಡುವುದು ಇನ್ನೊಂದು. ನಮ್ಮ ದೀಪದ ಪದ ಮೊದಲನೆಯ ಸಾಲಿನದು, ಕೋಲಾಟದ ಪದ ಎರಡನೆಯದು. ಲೋಕದ ಹಳ್ಳಿಗರಿಗೆಲ್ಲ ಕಾಲು ಎರಡೇ, ಉಸಿರು ಒಂದೇ.

ನಮ್ಮಲ್ಲೂ ದನಿಮುದ್ರಣ ಬಂತು, ಆದರೆ ತನ್ನದೇ ಅಳತೆ ಹೊತ್ತು ಬಂತು. ಹಳೆಯ ಗ್ರಾಮೋಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗ ನಮ್ಮ ಜಿಲ್ಲೆಯ ದನಿಗಳಿಗೆ ದೊಡ್ಡ ಬಾಗಿಲೇ ತೆರೆಯಿತು, ಆದರೆ ಅಲ್ಲಿಯೂ ಗಡಿಯಾರವಿತ್ತು. ಈಗಿನ ಸ್ಪರ್ಧೆಗಳಲ್ಲಿ, ಉತ್ಸವಗಳಲ್ಲಿ ತಂಡಕ್ಕೆ ಸಿಗುವುದು ಕೆಲವೇ ನಿಮಿಷ. ರಾತ್ರಿಯಿಡೀ ಹಾಡುವ ಪದವನ್ನು ಅಷ್ಟರಲ್ಲಿ ಮುಗಿಸಬೇಕಾದರೆ ತಂಡ ಏನು ಮಾಡಬೇಕು? ವೇಗ ಹೆಚ್ಚಿಸಬೇಕು, ಹಿಮ್ಮೇಳ ತಿರುಗಿ ಹೇಳುವುದನ್ನು ಕಡಿಮೆ ಮಾಡಬೇಕು. ಚಪ್ಪಾಳೆ ಬೀಳುತ್ತದೆ. ನೋಡಿದ ಮಕ್ಕಳು ಅದನ್ನೇ ಪದ ಎಂದು ಕಲಿಯುತ್ತಾರೆ. ವೇದಿಕೆಗೆ ಹೋಗುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಊರಿನಲ್ಲಿ ತಂಡ ಉಳಿದಿರುವುದೇ ವೇದಿಕೆಯ ನೆಪದಿಂದ. ಆದರೆ ವೇದಿಕೆಯ ನಡೆ ಬೇರೆ, ಗದ್ದೆ ಅಂಚಿನ ನಡೆ ಬೇರೆ ಎನ್ನುವುದು ಕಲಿಯುವವರಿಗೆ ಗೊತ್ತಿರಬೇಕು.

ಈಗ ಯಂತ್ರ ನಿಮ್ಮ ಜೇಬಿನಲ್ಲಿದೆ

ಬಾರ್ಟೋಕ್ ಹೊತ್ತು ತಿರುಗಿದ ಯಂತ್ರಕ್ಕಿಂತ ಒಳ್ಳೆಯ ಯಂತ್ರ ಇವತ್ತು ಈ ಬರಹ ಓದುತ್ತಿರುವ ನಿಮ್ಮ ಕೈಯಲ್ಲೇ ಇದೆ. ನಾವೆಲ್ಲ ಹಬ್ಬದ ದಿನ ವಿಡಿಯೋ ಮಾಡುತ್ತೇವೆ. ಅರ್ಧ ನಿಮಿಷ ಮಾಡಿ ಸ್ಟೇಟಸ್‌ಗೆ ಹಾಕಿ ಮುಗಿಸುತ್ತೇವೆ. ಅರ್ಧ ನಿಮಿಷದಲ್ಲಿ ದೀಪದ ಪದದ ಒಂದು ಸೊಲ್ಲು ಮುಗಿಯುವುದೂ ಕಷ್ಟ.

ನಾವು ಕೇಳುವುದು ಇಷ್ಟೇ. ಒಂದು ಪದವನ್ನಾದರೂ ಮೊದಲಿನಿಂದ ಕೊನೆಯವರೆಗೆ ಹಿಡಿಯಿರಿ, ನಡುವಿನ ಕೆಮ್ಮು, ನಾಯಿ ಬೊಗಳುವುದು, ನಡಿಗೆಯ ಸದ್ದು ಎಲ್ಲ ಇರಲಿ. ತಂಡ ದಾರಿಯಲ್ಲಿ ಹಾಡುವಾಗ ಜೊತೆಗೆ ನಡೆಯಿರಿ, ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆ ಎಣಿಸಿ. ಆ ಲೆಕ್ಕವೇ ಪದದ ನಡೆ. ಊರು, ತಾರೀಕು, ಯಾವ ರಾತ್ರಿ, ಯಾವ ಕೆಲಸದ ಪದ, ಯಾರಿಂದ ಕಲಿತದ್ದು ಎಂದು ಕೊನೆಗೆ ಬಾಯಲ್ಲೇ ಹೇಳಿ ಮುದ್ರಿಸಿ. ಹಾಡಿದವರ ಒಪ್ಪಿಗೆ ಕೇಳದೆ ಯಾರಿಗೂ ಕಳಿಸಬೇಡಿ, ಪದ ಅವರದು. ಬೀಸುವ ಪದ ಗೊತ್ತಿರುವ ಅಜ್ಜಿಯಂದಿರು ಮನೆಯಲ್ಲಿದ್ದರೆ ಕುರ್ಚಿಯಲ್ಲಿ ಕೂರಿಸಿ ಹಾಡಿಸಬೇಡಿ. ಮೂಲೆಯ ಬೀಸುವ ಕಲ್ಲನ್ನು ತೊಳೆದು, ಒಂದು ಹಿಡಿ ಅಕ್ಕಿ ಹಾಕಿ, ಗೂಟ ಅವರ ಕೈಗೆ ಕೊಡಿ. ಕಲ್ಲು ತಿರುಗಿದರೆ ಮರೆತ ಸೊಲ್ಲೂ ಬರಬಹುದು.

ಕೊನೆಯದಾಗಿ ಒಂದು ಮಾತು. ಈಗ ಎಷ್ಟೋ ಮನೆಗಳಲ್ಲಿ ದೀಪದವರು ಅಂಗಳಕ್ಕೆ ಬರುವ ಮೊದಲೇ ಲೈಟು ಹಾಕಿ, ಬಾಗಿಲು ತೆಗೆದು, ಕಾಣಿಕೆ ಹಿಡಿದು ನಿಂತಿರುತ್ತೇವೆ. ಗೌರವದಿಂದಲೇ ಹಾಗೆ ಮಾಡುವುದು. ಆದರೆ ತೆರೆದ ಬಾಗಿಲಿನ ಮುಂದೆ ಬಾಗಿಲು ತೆಗೆಸುವ ಪದ ಹಾಡುವುದು ಹೇಗೆ? ಈ ಸಲದ ದೊಡ್ಡಹಬ್ಬಕ್ಕೆ ದೀಪ ನಿಮ್ಮ ಮನೆಗೆ ಬಂದರೆ ಸ್ವಲ್ಪ ತಡೆಯಿರಿ. ಒಳಗೆ ಕೂತು ಕೇಳಿ, ಪದ ಪೂರ್ತಿ ಮುಗಿಯಲಿ. ಆಮೇಲೆ ಅಗುಳಿ ತೆಗೆಯಿರಿ.